ಗಾಯಕ್ಕೆ ಗಾರೆ

ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

"ಇನ್ನೊಂಚೂರು ಓರೆ ಮಾಡ್ರಪ್ಪಾ... ಹಾಂ, ಈಗ ಎತ್ತಿ. ಎತ್ತಿ ಅಂದ್ರೆ ಎಳೀತೀರಲ್ಲ!" ಗಾರೆಯಣ್ಣ ಒಳಗಿನಿಂದ ಕೂಗಿದ. ಟೈಲ್ಸ್ ಮೇಸ್ತ್ರಿಯ ಜೊತೆ ಇಪ್ಪತ್ತೆರಡು ವರ್ಷ ಗಾರೆ ಕಲಸಿದವನು ಅವನು. ಆ ಮೇಸ್ತ್ರಿ ಈಗ ಗೋಡೆಯ ಬದಿಗೆ ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನು ಏಳು ತಿಂಗಳು ಬೆನ್ನು ಊರಿದ್ದ ಕಬ್ಬಿಣದ ಮಂಚ ಹೊರಗೆ ಹೋದರಷ್ಟೇ ಬಂದವರಿಗೆ ನಿಲ್ಲಲು ಜಾಗ.

ಮೇಸ್ತ್ರಿಯ ಮಗಳ ಸೋದರತ್ತೆ ಯಾರು ಬೇಡವೆಂದರೂ ಕೇಳಲಿಲ್ಲ. ತಮ್ಮನ ಮಂಚ, ತಾನೂ ಒಂದು ಮೂಲೆ ಹಿಡಿಯಬೇಕು. ಮಂಚ ದಡಕ್ಕನೆ ಜಾರಿ ಹೊರಗೆ ಬಿದ್ದಾಗ ತಗಡಿನ ಅಂಚು ಅವಳ ಬಲ ಅಂಗೈಯನ್ನು ಹೆಬ್ಬೆರಳ ಬುಡದಿಂದ ಅಡ್ಡಕ್ಕೆ ಸೀಳಿತು.

"ಏನೂ ಆಗಿಲ್ಲ, ನಿಮ್ಮ ಕೆಲಸ ನೋಡ್ರೋ," ಎಂದು ಅತ್ತೆ ಕೈಗೆ ಬಟ್ಟೆ ಒತ್ತಿಕೊಂಡಳು.

ಮಗಳು ಮಾತ್ರ ನೆಲ ನೋಡಿದಳು. ನಾಲ್ಕೈದು ಹನಿ ಬಿದ್ದಿದ್ದವು. ಒಂದು ನೀಲಿ ಟೈಲ್ಸಿನ ಮೇಲೆ, ಇನ್ನೊಂದು ಪಕ್ಕದ ಹಳದಿಯ ಮೇಲೆ. ಆ ಮನೆಯಲ್ಲಿ ಒಂದರಂತೆ ಇನ್ನೊಂದು ಟೈಲ್ಸ್ ಇರಲಿಲ್ಲ. ಯಾರ್ಯಾರದೋ ಮನೆಯಲ್ಲಿ ಮಿಕ್ಕದ್ದು, ಮೂಲೆ ಮುಕ್ಕಾದದ್ದು, ಬಣ್ಣ ಒಪ್ಪದೆ ಬಿಟ್ಟದ್ದು, ಎಲ್ಲವನ್ನೂ ಅಪ್ಪ ಚೀಲದಲ್ಲಿ ಹೊತ್ತು ತಂದು ಕೂರಿಸಿದ್ದ.

"ಊರಿಗೆಲ್ಲ ಕನ್ನಡಿಯಂಥ ನೆಲ ಹಾಕಿದ, ತನ್ನ ಮನೇಲಿ ಮಾತ್ರ ಸಂತೆ," ಎಂದ ಬಂದವರಲ್ಲೊಬ್ಬ.

"ಸಂತೆಯಾದ್ರೇನು, ರಸಮಟ್ಟ ಇಟ್ಟು ನೋಡಯ್ಯ," ಗಾರೆಯಣ್ಣ ಸಿಡುಕಿದ. "ಒಳಗಿನ ಗುಳ್ಳೆ ಕೂದಲೆಳೆಯಷ್ಟು ಆಚೀಚೆ ಸರಿದ್ರೆ ನನ್ನ ಕಿವಿ ಕುಯ್ದು ಕೊಡ್ತೀನಿ."

"ನಿನ್ನ ಕಿವಿ ಇಟ್ಕೊಂಡು ನಾನೇನು ಮಾಡ್ಲಿ? ಹೇಳಿದ್ದು ಅದಕ್ಕೆ ಕೇಳಿಸಿದ್ರೆ ತಾನೆ?"

ಇಬ್ಬರು ನಕ್ಕರು. ಚಾಪೆಯ ಕಡೆ ಕಣ್ಣು ಹೋದದ್ದೇ ಮಂಚವನ್ನು ಇನ್ನಷ್ಟು ಆಚೆಗೆ ಸರಿಸಲು ಹೊರಟರು.

ಆಸ್ಪತ್ರೆಯ ನರ್ಸಮ್ಮ ಬಂದದ್ದು ಆಗ. ಮೇಸ್ತ್ರಿಯ ಕಾಲಿಗೆ ವಾರಕ್ಕೆ ಮೂರು ಸಲ ಡ್ರೆಸ್ಸಿಂಗ್ ಮಾಡಿದವಳು. ಸತ್ತವನ ಮುಖ ನೋಡಿ ಕೈಮುಗಿದು ತಿರುಗಿದವಳಿಗೆ ಅತ್ತೆಯ ಕೈ ಕಂಡಿತು. ಮರುಮಾತಿಲ್ಲದೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಚೀಲದಿಂದ ಹತ್ತಿ, ಔಷಧಿ, ಪಟ್ಟಿ ತೆಗೆದಳು.

"ನಿಮಗೂ ಸಕ್ಕರೆ ಕಾಯಿಲೆ ಇದೆ ಅಲ್ವೇನಮ್ಮಾ?"

"ಇಲ್ದೆ ಏನು? ಒಂದೇ ಹೊಟ್ಟೇಲಿ ಹುಟ್ಟಿದೋರು."

"ಹಾಗಾದ್ರೆ ಉದಾಸೀನ ಬೇಡ. ಆಳವಾಗಿದೆ."

"ನನಗೆ ಹೇಳಿಕೊಡ್ತೀಯ ತಾಯಿ? ಗಾಯ ನೋಡ್ಕೊಳ್ಳೋದ್ರಲ್ಲೇ ನನ್ನ ಕೂದಲು ಬೆಳ್ಳಗಾಗಿದ್ದು. ಈ ಹೊತ್ತಿಂದಲೇ ತಿಳಿಗಂಜಿ. ಬೇಳೆ ಮುಟ್ಟಲ್ಲ, ಹಾಲು ಮುಟ್ಟಲ್ಲ."

ಮಗಳು ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ವ್ಯಾನು ಬಂದು ನಿಂತಿತು. ಎಲ್ಲರೂ ಎದ್ದರು. ಅತ್ತೆ ಚಾಪೆಯ ಬಳಿ ಹೋಗಿ, ತಮ್ಮನ ಬಟ್ಟೆಯ ಅಂಚು ಸರಿಪಡಿಸಿ, ಯಾರಿಗೆಂದಿಲ್ಲದೆ ಕೇಳಿದಳು: "ಏನು ಕಡಿಮೆ ಮಾಡಿದೆ ನಾನು? ಒಂದು ದಿನ, ಒಂದೇ ಒಂದು ದಿನ ಪಥ್ಯ ತಪ್ಪಿಸಿದ್ನಾ?"

ಉತ್ತರ ಗೊತ್ತಿದ್ದವಳು ಮಗಳೊಬ್ಬಳೇ. ಹೇಳಿದರೆ ಅತ್ತೆ ಬದುಕಿದ್ದೂ ಸಾಯುತ್ತಾಳೆ. ಹೇಳದಿದ್ದರೆ ಆ ಅಂಗೈ ಅಪ್ಪನ ಕಾಲಿನ ಹಾದಿಯನ್ನೇ ಹಿಡಿಯುತ್ತದೆ.

*

ಟೈಲ್ಸಿನ ಚೂರೊಂದು ಅಪ್ಪನ ಪಾದದ ಮೇಲೆ ಬಿದ್ದು ಆದ ಗಾಯ ಅದು. ಮೊದಲು ಬೆರಳೊಂದು ಹೋಯಿತು. ಆಮೇಲೆ ಉಳಿದ ಗಾಯ ಕೂಡಲೊಲ್ಲದೆ ಹಟ ಹಿಡಿಯಿತು.

ಕಾರ್ಖಾನೆಗೆ ರಜೆ ಹಾಕಿ ಮಗಳೇ ಅಪ್ಪನನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದೊಯ್ದಿದ್ದಳು. ಆ ಕೋಣೆಯ ನೆಲ ಅವನೇ ಹಾಕಿದ್ದು. ಕುರ್ಚಿಯ ಮೇಲೆ ಕುಳಿತು, ಬಗ್ಗಿ, ಬೆರಳ ಗೆಣ್ಣಿನಿಂದ ನೆಲ ತಟ್ಟಿ ಕಿವಿಗೊಟ್ಟ.

"ಮೇಸ್ತ್ರಿ, ಕಾಲು ಕೊಡಿ. ನೆಲಕ್ಕೇನೂ ಕಾಯಿಲೆ ಇಲ್ಲ," ಎಂದಳು ನರ್ಸಮ್ಮ. ಗಾಯ ಬಿಚ್ಚಿ ನೋಡಿ ಅವಳ ಹುಬ್ಬು ಗಂಟಾಯಿತು. "ಮೇಲೆ ಚರ್ಮ ಕೂಡ್ತಾ ಇದೆ, ಕೆಳಗೆ ಖಾಲಿ."

"ನಮ್ಮ ಟೈಲ್ಸ್ ಥರಾನೇ ಅನ್ನಿ. ಅಡಿಗೆ ಗಾರೆ ಸಾಲದಿದ್ರೆ ಮೇಲೆ ಎಷ್ಟು ಚೆನ್ನಾಗಿ ಕೂತಿದ್ರೂ ಪೊಳ್ಳು."

"ಅದೇ ನಾನೂ ಹೇಳೋದು. ಮಾತ್ರೆ ಸಕ್ಕರೆ ಇಳಿಸುತ್ತೆ, ನಾನು ತೊಳೆದು ಕಟ್ತೀನಿ. ಹೊಸ ಮಾಂಸ ಬೆಳೆಯೋದು ಮಾತ್ರ ಊಟದಿಂದ. ಮೊಟ್ಟೆ, ಬೇಳೆ, ಹಾಲು, ಮೀನು, ಸೊಪ್ಪು. ಅದೇ ಗಾಯಕ್ಕೆ ಗಾರೆ. ತಿಂತಾ ಇದ್ದೀರಾ?"

"ಅಯ್ಯೋ, ನಮ್ಮಕ್ಕ ಬಿಡ್ತಾಳಾ ಸಿಸ್ಟರ್? ದಿನಾ ಎರಡು ಮೊಟ್ಟೆ. ಸುಲಿದು, ಉಪ್ಪು ಹಚ್ಚಿ ಬಾಯಿಗೇ ಇಡ್ತಾಳೆ."

ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನು ನೋಡಲಿಲ್ಲ. ಅವಳು ಬಾಯಿ ಬಿಡಲೂ ಇಲ್ಲ.

*

ಮಣ್ಣು ಮಾಡಿ ಹಿಂತಿರುಗಿದಾಗ ಬಿಸಿಲು ಇಳಿದಿತ್ತು. ಗಾರೆಯಣ್ಣನ ಉಗುರುಗಳಲ್ಲಿ ಕೆಮ್ಮಣ್ಣು. ಗುಂಡಿಯ ತಳವನ್ನು ಕೈಯಿಂದಲೇ ಸವರಿ ಸಮ ಮಾಡಿ ಬಂದಿದ್ದ. ಮೇಸ್ತ್ರಿ ಏರುಪೇರಿನ ಮೇಲೆ ಹೇಗೆ ಮಲಗಿಯಾನು ಎಂದು.

ಪಕ್ಕದ ಮನೆಯವರು ಅನ್ನ, ಬೇಯಿಸಿದ ಬೇಳೆ, ಒಂದು ಪಾತ್ರೆ ತುಂಬ ಬೆಂದ ಮೊಟ್ಟೆ ತಂದಿಟ್ಟು ಹೋಗಿದ್ದರು. ಮಗಳು ತಟ್ಟೆ ಹಾಕಿದಳು. ಅತ್ತೆ ಅನ್ನಕ್ಕೆ ಬರೀ ಬಿಸಿನೀರು ಸುರಿದುಕೊಂಡು ಎಡಗೈಯಲ್ಲಿ ಕಿವುಚಿದಳು. ತುತ್ತೆತ್ತುವ ಮೊದಲು ದಿನವೂ ಹೇಳುವ ನಾಲ್ಕು ಸಾಲಿನ ಪದ್ಯಕ್ಕೆ ಅವಳ ತುಟಿ ಅಲುಗತೊಡಗಿತು. ತಾಯಿ ಕಲಿಸಿದ ಪದ್ಯ. ಹಸಿವೆಯಿಂದ ಜೀವ ಹೋಗುತ್ತಿದ್ದರೂ ಅದನ್ನು ಹೇಳದೆ ಅವಳು ಅನ್ನ ಮುಟ್ಟಿದ್ದಿಲ್ಲ.

"ಇದೇನಮ್ಮಾ, ನೀರನ್ನ?" ಅತ್ತೆಯ ಕೈ ನೋಡಲೆಂದು ಉಳಿದಿದ್ದ ನರ್ಸಮ್ಮ ಬೇಳೆಯ ಪಾತ್ರೆ ಮುಂದೆ ತಳ್ಳಿದಳು. "ಮೇಸ್ತ್ರಿಗೆ ದಿನಾ ಎರಡು ಮೊಟ್ಟೆ ತಿನ್ನಿಸಿದ ಕೈ ಇದು. ನಿಮಗೆ ಮಾತ್ರ ಗಂಜಿಯಾ?"

ಪದ್ಯ ಎರಡನೆಯ ಸಾಲಿಗೆ ನಿಂತಿತು.

"ಯಾರಿಗೆ ತಿನ್ನಿಸಿದ್ದು?"

"ಮೇಸ್ತ್ರಿಗೆ. ಪ್ರತಿ ಸಲ ಹೇಳೋರು. ಅಕ್ಕ ಸುಲಿದು ಉಪ್ಪು ಹಚ್ಚಿ ಬಾಯಿಗಿಡ್ತಾಳೆ ಅಂತ. ಅಷ್ಟು ತಿಂದ್ರೂ ಗಾಯ ಯಾಕೆ ಕೂಡಲಿಲ್ಲ ಅಂತ ನನಗೇ ಅರ್ಥ ಆಗಿಲ್ಲ ಇನ್ನೂ."

ಅತ್ತೆ ನಿಧಾನವಾಗಿ ಮಗಳ ಕಡೆ ತಿರುಗಿದಳು.

*

ಕಾರ್ಖಾನೆಯ ಕ್ಯಾಂಟೀನಿನಿಂದ ಮಗಳು ಒಮ್ಮೆ ಎರಡು ಮೊಟ್ಟೆ ಕದ್ದು ಮುಚ್ಚಿ ತಂದಿದ್ದಳು. ಅತ್ತೆ ಹಿತ್ತಲಲ್ಲಿ ಪಟ್ಟಿ ಒಗೆಯುತ್ತಿದ್ದಳು. ಅಪ್ಪ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿ ಆರುವವರೆಗೂ ಹಿಡಿದಿದ್ದ. ಗೆಣ್ಣಿನಿಂದ ತಟ್ಟಿ, "ಪೊಳ್ಳಿಲ್ಲ," ಎಂದು ನಕ್ಕು ಹಿಂತಿರುಗಿಸಿದ.

"ತಿನ್ನಪ್ಪ. ಅತ್ತೆಗೇನು ಗೊತ್ತಾಗುತ್ತೆ?"

"ತಲೆ ಮೇಲೆ ಕೈ ಇಡಿಸ್ಕೊಂಡಿದ್ದಾಳೆ ಕಣೇ. ಮೊಟ್ಟೆ ನಂಜು, ಬೇಳೆ ನಂಜು, ಕೀವು ಕಟ್ಟುತ್ತೆ, ತಿಂದ್ರೆ ನನ್ನಾಣೆ ಅಂತ." ಅವನು ಅಂಗಿ ಎತ್ತಿ ಬೆನ್ನು ತೋರಿಸಿದ. ಹೆಗಲಿನಿಂದ ಸೊಂಟದವರೆಗೆ ಸುಟ್ಟ ಹಳೆಯ ಕಲೆ. "ಏಳು ವರ್ಷದವನಿದ್ದಾಗ ಕುದಿಯೋ ನೀರು ಬಿತ್ತು. ನಲವತ್ತು ದಿನ ಗಂಜಿ ಕುಡಿಸಿ ಬದುಕಿಸ್ಕೊಂಡ್ಲು. ಆಗ ಅವಳಿಗೆ ಹದಿಮೂರು. ಮನೇಲಿದ್ದದ್ದೇ ಗಂಜಿ, ಇನ್ನೇನು ಕುಡಿಸ್ತಾಳೆ? ಗಂಜಿಯಿಂದಲೇ ವಾಸಿ ಆಯ್ತು ಅಂತ ಅವಳ ಲೆಕ್ಕ. ಇಷ್ಟು ವರ್ಷ ಆದ್ಮೇಲೆ ಅದು ತಪ್ಪು ಅಂತ ನಾನ್ಯಾವ ಬಾಯಲ್ಲಿ ಹೇಳ್ಲಿ?"

"ನಾನು ಹೇಳ್ತೀನಿ."

"ಬೇಡ. ಅವಳಿಗೆ ಇರೋದು ಅದೊಂದೇ." ಆಮೇಲೆ ಹಗುರಾಗಿ, "ನೀನು ತಿನ್ನು, ನಾನು ನೋಡ್ತೀನಿ. ಗಾಯಕ್ಕೂ ಆಸೆ ತೀರ್ಲಿ," ಎಂದ.

ಅವಳು ಅವನ ಎದುರಿಗೇ ಕುಳಿತು ಎರಡನ್ನೂ ತಿಂದಿದ್ದಳು.

*

"ಹೌದತ್ತೆ," ಎಂದಳು ಮಗಳು. "ಅಪ್ಪ ಹಾಗೇ ಹೇಳ್ತಿದ್ದ."

ಸುಳ್ಳಲ್ಲ ಅದು. ಆದರೆ ಆ ಮಾತಿನಲ್ಲಿ ಇಲ್ಲದ್ದನ್ನು ನರ್ಸಮ್ಮ ಕೇಳಿಸಿಕೊಂಡಳು. ಅವಳ ಕಣ್ಣು ಅತ್ತೆಯ ತಟ್ಟೆಯ ನೀರನ್ನಕ್ಕೆ ಹೋಯಿತು. ಅಲ್ಲಿಂದ ಮೂಲೆಯಲ್ಲಿ ಮಗುಚಿಟ್ಟ ಮೇಸ್ತ್ರಿಯ ಗಂಜಿಯ ಬಟ್ಟಲಿಗೆ. ಪಾಪ, ಬೇಳೆಯ ಪಾತ್ರೆಯ ಮೇಲಿಟ್ಟ ಕೈ ತೆಗೆಯುವುದನ್ನೇ ಮರೆತಳು.

ಅತ್ತೆ ಎಡಗೈಯ ಅನ್ನವನ್ನು ತಟ್ಟೆಗೆ ಉದುರಿಸಿ ಕೇಳಿದಳು: "ತಿಂದ್ರೆ ಕೂಡುತ್ತಾ ಗಾಯ?"

"ಬೇರೆ ಔಷಧೀನೂ ಬೇಕಮ್ಮಾ. ಆದ್ರೆ... ಕೂಡೋಕೆ ಅದು ಬೇಕು."

"ತಿನ್ನದೇ ಇದ್ರೆ?"

ನರ್ಸಮ್ಮ ಮೊಟ್ಟೆಯ ಪಾತ್ರೆಯನ್ನು ಅವಳ ತಟ್ಟೆಯ ಪಕ್ಕಕ್ಕೆ ತಂದಿಟ್ಟಳು. ಬಾಗಿಲಲ್ಲಿ ಕುಳಿತಿದ್ದ ಗಾರೆಯಣ್ಣ ಉಗುರಿನ ಮಣ್ಣು ಕೆದಕುವುದನ್ನು ನಿಲ್ಲಿಸಿದ.

ಅತ್ತೆ ಪಾತ್ರೆಯಿಂದ ಒಂದು ಮೊಟ್ಟೆ ತೆಗೆದುಕೊಂಡಳು. ಎಡಗೈಯೊಂದರಲ್ಲಿ ಸುಲಿಯಲು ಬರಲಿಲ್ಲ. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂತು. ನಿಂತಿದ್ದ ಪದ್ಯವನ್ನು ಅವಳು ಮುಂದುವರಿಸಲಿಲ್ಲ. ಉಪ್ಪು ಹಚ್ಚಿಕೊಳ್ಳಲಿಲ್ಲ. ಮೊಟ್ಟೆಯನ್ನು ಬಾಯಿಗಿಟ್ಟುಕೊಂಡು ಅಗಿದಳು. ಕಣ್ಣು ಒಣಗಿತ್ತು. ಗಂಟಲಿನ ನರ ಉಬ್ಬಿ ಇಳಿಯುವುದು ಎಲ್ಲರಿಗೂ ಕಾಣುತ್ತಿತ್ತು. ನೀರು ಕೊಡಹೋದ ಮಗಳ ಕೈಯನ್ನು ಪಕ್ಕಕ್ಕೆ ಸರಿಸಿದಳು.

ನುಂಗಿ ಆದ ಮೇಲೆ ಬಾಯಿ ಒರೆಸಿಕೊಳ್ಳದೆ ಹೇಳಿದಳು: "ಇನ್ನೊಂದು ಕೊಡು. ಎರಡು ಅಂತಿದ್ನಲ್ಲ."

ಮಗಳು ಇನ್ನೊಂದನ್ನು ತೆಗೆದು ನೆಲಕ್ಕೆ ತಟ್ಟಿದಳು. ಟೈಲ್ಸು ಗಟ್ಟಿಯಾಗಿ, ತುಂಬಿದ ದನಿಯಲ್ಲಿ ಮಾರ್ನುಡಿಯಿತು. ನೀಲಿ ಹಳದಿಗಳ ನಡುವೆ ಒಣಗಿದ್ದ ರಕ್ತದ ಹನಿಗಳ ಮೇಲೆ ಬಿಳಿ ಸಿಪ್ಪೆ ಚೂರು ಚೂರಾಗಿ ಉದುರಿತು. ಸುಲಿದು, ಉಪ್ಪು ಹಚ್ಚಿ, ಅವಳು ಕೈ ನೀಡಿದಳು.

ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಕಣ್ಣು ಮುಚ್ಚಿ ಬಾಯಿ ತೆರೆದಳು.