ಮೂವತ್ತೊಂದು ಬಟ್ಟೆಗಳ ವೆಬ್‌ಸೈಟು

ಕಟ್ಟಡ ಕೆಡವುತ್ತೇವೆಂದು ನೋಟಿಸು ಅಂಟಿಸಿದ ದಿನ ನನ್ನ ಅಂಗಡಿಯಲ್ಲಿ ಮೂವತ್ತೊಂದು ಬಟ್ಟೆಗಳಿದ್ದವು. ಅಂಗಡಿ ಎಂದರೆ ಮೆಟ್ಟಿಲಿನ ಕೆಳಗಿನ ಜಾಗ. ಎದ್ದರೆ ತಲೆ ಬಡಿಯುತ್ತದೆ, ಕೂತರೆ ಅರಮನೆ. ಮೂವತ್ನಾಲ್ಕು ವರ್ಷ ಅಲ್ಲಿ ಕೂತು ರಫು ಮಾಡಿದ್ದೇನೆ. ಹರಿದಿರಲಿ, ಸುಟ್ಟಿರಲಿ, ಇಲಿ ಕಡಿದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಒಂದೊಂದಾಗಿ ನೇಯ್ದು, ಅಲ್ಲಿ ಏನೂ ಆಗಿರಲೇ ಇಲ್ಲ ಎನ್ನುವಂತೆ ಮಾಡುವುದು ನನ್ನ ಕಸುಬು.

ಗಿರಾಕಿಗಳ ಹೆಸರಾಗಲಿ ಫೋನ್ ನಂಬರಾಗಲಿ ನಾನು ಕೇಳುವುದಿಲ್ಲ. ಹರಿದದ್ದನ್ನು ತರುವವರು ಅರ್ಧ ನಾಚಿಕೆಯನ್ನೂ ಚೀಲದಲ್ಲಿ ಹಾಕಿಕೊಂಡೇ ಬರುತ್ತಾರೆ. ಬಣ್ಣದ ದಾರದಲ್ಲಿ ಒಂದೇ ಥರದ ಎರಡು ಗಂಟು ಕಟ್ಟಿ, ಒಂದನ್ನು ಬಟ್ಟೆಗೆ ಹೊಲಿದು ಇನ್ನೊಂದನ್ನು ಅವರ ಕೈಗೆ ಕೊಡುತ್ತೇನೆ. ಗಂಟು ತಂದವರಿಗೆ ಬಟ್ಟೆ, ಅಷ್ಟೇ. ಒಂದು ದಿನವೂ ತೊಂದರೆಯಾಗಿರಲಿಲ್ಲ. ಈಗ ಅಂಗಡಿಯನ್ನು ತಮ್ಮನ ಮನೆಯ ಮುಂದಿನ ಕೋಣೆಗೆ ಎತ್ತಿದ ಮೇಲೆ, ಅದನ್ನು ಯಾರಿಗೆ ತಿಳಿಸಲಿ, ಹೇಗೆ ತಿಳಿಸಲಿ? ವಿಳಾಸ ಬರೆದ ರಟ್ಟನ್ನು ಹಳೆಯ ಬಾಗಿಲಿಗೆ ಕಟ್ಟಿದೆ. ಕೆಡವುವವರು ಸುತ್ತ ತಗಡು ನಿಲ್ಲಿಸುವಾಗ ಕಿತ್ತೆಸೆದರು. ಇನ್ನೊಂದು ಕಟ್ಟಿದೆ, ಅದನ್ನೂ ಎಸೆದರು. ಮೂವತ್ತೊಂದು ಜನ ಬಂದು ತಗಡು ನೋಡಿ, ‘ಮುದುಕಿ ಬಟ್ಟೆ ಹೊತ್ತುಕೊಂಡು ಓಡಿಹೋದಳು’ ಎನ್ನುವುದನ್ನು ನೆನೆದು ರಾತ್ರಿ ಎದ್ದು ಬಟ್ಟೆ ಎಣಿಸುತ್ತಿದ್ದೆ.

“ವೆಬ್‌ಸೈಟ್ ಮಾಡ್ಕೊಳ್ಳಿ ಅಕ್ಕ,” ಎಂದ ಬೀಗದವನು. ಮೆಟ್ಟಿಲಿನ ಆಚೆ ಬದಿಯಲ್ಲಿ ಬೀಗದ ಕೈ ಮಾಡಿಕೊಂಡು ನನ್ನ ಜೊತೆಗೇ ಎತ್ತಂಗಡಿಯಾದವನು. “ಈಗ ಜನ ಬಾಗಿಲು ನೋಡಲ್ಲ, ಫೋನ್ ನೋಡ್ತಾರೆ. ನಾನೇ ಮಾಡ್ಕೊಂಡೆ. ಅರ್ಧ ಗಂಟೆ ಕೆಲಸ, ಬಾಳೆಹಣ್ಣು ಸುಲಿದ ಹಾಗೆ.”

ಆ ಅರ್ಧ ಗಂಟೆ ಹನ್ನೊಂದು ದಿನ ನಡೆಯಿತು.

ತಮ್ಮನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತೆ. ಮೊದಲ ದಿನ ಅದು ಒಂದು ಉದ್ದನೆಯ ಕಾಗದ ತೋರಿಸಿ, ‘ಇದೆಲ್ಲವನ್ನೂ ಓದಿ ಒಪ್ಪಿದ್ದೇನೆ’ ಎಂಬಲ್ಲಿ ಒತ್ತಲು ಹೇಳಿತು. ಅಕ್ಷರ ನನಗೆ ರಾತ್ರಿ ಶಾಲೆಯಲ್ಲಿ ತಡವಾಗಿ ಬಂತು. ಓದಿದೆನೆಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ಓದಿದೆ. ಓದಿ ಒತ್ತಿದರೆ, ‘ನಿಮ್ಮ ಸಮಯ ಮುಗಿದಿದೆ, ಮೊದಲಿನಿಂದ ಆರಂಭಿಸಿ’ ಎಂದಿತು.

“ಅದನ್ನ ಯಾರಾದ್ರೂ ಓದ್ತಾರಾ ಅತ್ತಿಗೆ?” ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. “ಬರೆದವರೂ ಓದಿರಲ್ಲ.”

“ಓದದೆ ಒಪ್ಪಿದ್ರೆ ನಾಳೆ ಮನೆ ಬರ್ಕೊಡಿ ಅಂದ್ರೆ?”

“ಮನೆ ನಿಮ್ಮ ಹೆಸರಲ್ಲಿಲ್ಲ ಬಿಡಿ.”

ಅವಳ ಮಾತೇ ಹಾಗೆ, ಕೊಂಕಿಲ್ಲದೆ ಬೆಳಗಾಗುವುದಿಲ್ಲ. ಆದರೆ ಕೋಣೆ ಬಿಟ್ಟುಕೊಟ್ಟವಳೂ ಅವಳೇ.

ಪಾಸ್‌ವರ್ಡಿನಲ್ಲಿ ಎರಡು ದಿನ ಹೋಯಿತು. ದೊಡ್ಡ ಅಕ್ಷರ ಬೇಕು ಎಂದಿತು, ಕೊಟ್ಟೆ. ಅಂಕಿ ಬೇಕು ಎಂದಿತು, ಕೊಟ್ಟೆ. ಅಂಕಿಯೂ ಅಲ್ಲದ ಅಕ್ಷರವೂ ಅಲ್ಲದ ಒಂದು ಗುರುತು ಬೇಕು ಎಂದಿತು. ಎಲ್ಲ ಕೊಟ್ಟ ಮೇಲೆ ನಾನೇ ಮರೆತೆ. ಆಮೇಲೆ ಸಿದ್ಧ ಮಾದರಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ಕಣ್ಣಿಗೆ ಹಿತವಾದ ಹಸಿರು ಬಣ್ಣದ್ದೊಂದನ್ನು ಆರಿಸಿದೆ. ಅದು ಹೋಟೆಲಿನವರಿಗೆ ಮಾಡಿದ್ದಂತೆ. ಊಟದ ತಟ್ಟೆಯ ಚಿತ್ರವೇನೋ ತೆಗೆದೆ. ‘ಟೇಬಲ್ ಕಾದಿರಿಸಿ’ ಎಂಬ ಗುಂಡಿ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಮೇಲಿಂದ ಅಳಿಸಿದರೆ ಕೆಳಗೆ ಬರುತ್ತಿತ್ತು, ಕೆಳಗೆ ಅಳಿಸಿದರೆ ಪಕ್ಕಕ್ಕೆ.

“ಎಳೆದು ಬಿಡಿ ಅಕ್ಕ,” ಎನ್ನುತ್ತಿದ್ದ ಬೀಗದವನು ಫೋನಿನಲ್ಲಿ. “ಎಳೀರಿ, ಬಿಡಿ. ಎಳೀರಿ, ಬಿಡಿ.”

“ಎಳೀತಾನೇ ಇದೀನಪ್ಪಾ. ನಾನು ಎಡಕ್ಕೆ ಎಳೆದ್ರೆ ಅದು ಅಕ್ಷರದ ಕೆಳಗೆ ಹೋಗಿ ಮಲಗುತ್ತೆ.”

“ನಿಮ್ಮ ಕೈ ನಡುಗುತ್ತಾ?”

ಕೂದಲಿಗಿಂತ ತೆಳ್ಳಗಿನ ಎಳೆಯನ್ನು ಸೂಜಿಯ ತುದಿಯಿಂದ ಎತ್ತುವ ಕೈ ಇದು. ನಡುಗುತ್ತದೆಯೇ ಎಂದು ಕೇಳುತ್ತಾನೆ! ಫೋನ್ ಇಟ್ಟು, ಒಂದು ಲೋಟ ನೀರು ಕುಡಿದು, ಮತ್ತೆ ಎಳೆಯಲು ಕೂತೆ.

ಮೂವತ್ತೊಂದು ಬಟ್ಟೆಗಳ ಫೋಟೋ ಹಾಕಬೇಕೆಂಬುದು ನನ್ನದೇ ಯೋಚನೆ. ಹೆಸರು ಗೊತ್ತಿಲ್ಲದವರನ್ನು ಕರೆಯುವುದು ಹೇಗೆ? ತಮ್ಮ ಬಟ್ಟೆಯನ್ನು ತಾವೇ ಗುರುತು ಹಿಡಿಯಲಿ. ಒಂದೊಂದನ್ನೂ ಕಿಟಕಿಯ ಬೆಳಕಿನಲ್ಲಿ ಹರಡಿ ಫೋಟೋ ತೆಗೆದೆ. ಬೀಗದವನು ಅದನ್ನು ನೋಡಿ, “ಅಕ್ಕ, ಇದು ಹೊಸ ಬಟ್ಟೆ ಅಂಗಡಿ ಥರ ಇದೆ. ರಿಪೇರಿ ಎಲ್ಲಿ ಕಾಣುತ್ತೆ?” ಎಂದ.

“ಕಾಣಬಾರದು ಅಂತಲೇ ಅಲ್ವಾ ಮಾಡೋದು?”

“ಕಾಣದೇ ಇದ್ರೆ ನಿಮ್ಮ ಕೆಲಸ ಜನಕ್ಕೆ ಹೇಗೆ ತಿಳಿಯುತ್ತೆ? ಒಂದು ಸುತ್ತು ಹಾಕಿ.”

ಮಾತು ಸರಿ ಎನ್ನಿಸಿತು. ಹೆಮ್ಮೆಯೂ ಒಂದಿಷ್ಟು ತಲೆಗೇರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಪ್ರತಿ ಫೋಟೋದಲ್ಲೂ ತೂತಿದ್ದ ಜಾಗಕ್ಕೆ ಕೆಂಪು ಸುತ್ತು ಹಾಕಿದೆ. ಕೆಳಗೆ ಬರೆದೆ: ‘ಬೂದು ಕೋಟು, ಸಿಗರೇಟಿನ ತೂತು.’ ‘ಉಣ್ಣೆ ಪ್ಯಾಂಟು, ನಾಯಿ ಕಚ್ಚಿದ್ದು.’ ‘ಕಂದು ಶಾಲು, ಇಸ್ತ್ರಿ ಸುಟ್ಟದ್ದು.’ ಎಲ್ಲಕ್ಕಿಂತ ಕೆಳಗೆ ಹೊಸ ವಿಳಾಸ, ನನ್ನ ಫೋನ್ ನಂಬರು. ಹನ್ನೊಂದನೆಯ ದಿನ ಪ್ರಕಟಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. ಬೀಗದವನು ಖುಷಿಯಿಂದ ತನ್ನ ಫೋನಿನಲ್ಲಿದ್ದವರಿಗೆಲ್ಲ ಕಳಿಸಿಬಿಟ್ಟ.

ಮರುದಿನ ಬಂದ ಮೊದಲ ಕರೆ ನಾಲ್ಕು ಜನರಿಗೆ ಟೇಬಲ್ ಬೇಕೆಂದು ಕೇಳಿತು.

ಎರಡನೆಯದು ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಹೆಂಗಸಿನ ದನಿ, ಪಿಸುಮಾತು.

“ರಫು ಅಜ್ಜಿನಾ? ಆ ಕಂದು ಶಾಲು, ಅದರ ಫೋಟೋ ತೆಗೀರಿ. ಈಗಲೇ ತೆಗೀರಿ.”

“ನಿಮ್ಮದಾ ತಾಯೀ? ಕೆಲಸ ಮುಗಿದಿದೆ, ಬಂದು ತಗೊಂಡು...”

“ನಂದಲ್ಲ! ಅದೇ ತಾನೆ ಕಷ್ಟ. ನನ್ನ ವಾರಗಿತ್ತಿದು. ಮದುವೆಗೆ ಅಂತ ಇಸ್ಕೊಂಡು ಇಸ್ತ್ರಿ ಮಾಡೋಕೆ ಹೋಗಿ ಸುಟ್ಟೆ. ಅವಳಿಗೆ ಗೊತ್ತಿಲ್ಲ. ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೇ ಯಾರೋ ನಿಮ್ಮ ವೆಬ್‌ಸೈಟ್ ಕಳಿಸಿದಾರೆ. ಅವಳು ಆಫೀಸಲ್ಲಿ ಮೀಟಿಂಗಲ್ಲಿದಾಳೆ, ಹೊರಗೆ ಬಂದ ತಕ್ಷಣ ಫೋನ್ ನೋಡ್ತಾಳೆ. ಸುಟ್ಟಿದ್ದು ಅಂತ ಬೇರೆ ಬರೆದಿದೀರಲ್ಲ ಅಜ್ಜಿ, ಗುಂಡಗೆ ಕೆಂಪು ಗುರುತು ಬೇರೆ ಹಾಕಿ! ಊರಿಗೆಲ್ಲ ಡಂಗುರ ಸಾರೋಕೆ ನಿಮ್ಮ ಹತ್ರ ಯಾಕೆ ತರ್ತಿದ್ದೆ? ನಾಳೆವರೆಗೂ ಔಷಧಿ ಅಂಗಡಿ ಬಿಟ್ಟು ಬರೋ ಹಾಗಿಲ್ಲ ನಾನು.”

ಮೂವತ್ನಾಲ್ಕು ವರ್ಷ ಒಬ್ಬರ ಹೆಸರು ಕೇಳದೆ ಕೂತವಳು, ಒಂದು ಗುಂಡಿ ಒತ್ತಿ ಮೂವತ್ತೊಂದು ಜನರ ಗುಟ್ಟನ್ನು ಬೀದಿಗೆ ಹರಡಿದ್ದೆ. ಓಡಿಹೋದಳೆಂದು ಅನ್ನಿಸಿಕೊಂಡಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ.

ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡ್ ಕೇಳಿತು. ತಪ್ಪು ಎಂದಿತು. ಮತ್ತೆ ಹಾಕಿದೆ, ತಪ್ಪು. ಮೂರನೆಯ ಸಲ ಒಳಗೆ ಬಿಟ್ಟಿತು. ಶಾಲು ಒಂದನ್ನೇ ಏನು, ಮೂವತ್ತೊಂದನ್ನೂ ಅಳಿಸಿದೆ, ಬರೆದದ್ದನ್ನೂ ಅಳಿಸಿದೆ. ಉಸಿರು ಬಿಟ್ಟು ಫೋನಿನಲ್ಲಿ ನೋಡಿದರೆ ಶಾಲು ಕೆಂಪು ಸುತ್ತಿನ ಸಮೇತ ನಗುತ್ತಾ ಕೂತಿದೆ.

ಬೀಗದವನಿಗೆ ಫೋನ್ ಮಾಡಿದೆ. “ಅಳಿಸಿದೀನಪ್ಪಾ, ಹೋಗ್ತಿಲ್ಲ!”

“ಪ್ರಕಟಿಸೋ ಗುಂಡಿ ಒತ್ತಿದ್ರಾ?”

“ನಾನು ಮುಚ್ಚೋಕೆ ಒದ್ದಾಡ್ತಿದ್ರೆ ನೀನು ಪ್ರಕಟಿಸಿ ಅಂತೀಯಲ್ಲ!”

“ಅಳಿಸಿದೀನಿ ಅನ್ನೋದನ್ನೂ ಪ್ರಕಟಿಸಬೇಕು ಅಕ್ಕ. ಅದು ಹಾಗೇ.”

ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಒತ್ತಿದೆ. ಮತ್ತೆ ಬಣ್ಣದ ಕಾಗದ ಉದುರಿಸಿ ನನ್ನನ್ನು ಅಭಿನಂದಿಸಿತು. ಫೋನಿನಲ್ಲಿ ಶಾಲು ಇನ್ನೂ ಇತ್ತು.

“ಫೋನಿಗೆ ಹಳೇ ನೆನಪು ಇರುತ್ತೆ ಅಕ್ಕ. ಮರೆಯೋಕೆ ಸ್ವಲ್ಪ ಹೊತ್ತು ಬೇಕು.”

“ಎಷ್ಟು ಹೊತ್ತು?”

“ಒಂದೊಂದು ಫೋನು ಒಂದೊಂದು ಥರ. ಮನುಷ್ಯರ ಹಾಗೇ.”

ವೇದಾಂತ ಬೇಕಿರಲಿಲ್ಲ ನನಗೆ. ಐದೈದು ನಿಮಿಷಕ್ಕೊಮ್ಮೆ ನೋಡುತ್ತಾ ಕೂತೆ. ಮೂರು ಗಂಟೆಗೆ ಶಾಲು ಮಾಯವಾಯಿತು. ಐದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು.

ಆಫೀಸಿನ ಚೀಲ ಹೆಗಲಿಗೆ ಹಾಕಿಕೊಂಡ, ನಲವತ್ತರ ಆಚೆಗಿನ ಹೆಂಗಸು. ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು.

“ನಿಮ್ಮ ವೆಬ್‌ಸೈಟಲ್ಲಿ ಒಂದು ಕಂದು ಶಾಲು ನೋಡಿದೆ. ಅದು ನಂದು. ಕೊಡಿ.”

ವಾರಗಿತ್ತಿ! ಶಾಲು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು, ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಶಾಲು ಇವಳದೇ; ಆದರೆ ನನ್ನನ್ನು ನಂಬಿ ಕೊಟ್ಟವಳು ಇವಳಲ್ಲ.

“ಗಂಟು ಇದೆಯಾ ತಾಯೀ?”

“ಯಾವ ಗಂಟು?”

“ನಾನು ಕೊಟ್ಟ ದಾರದ ಗಂಟು. ಅದಿಲ್ಲದೆ ಏನೂ ಕೊಡಲ್ಲ.”

“ನನ್ನ ವಸ್ತು ನಾನು ತಗೊಳ್ಳೋಕೆ ಗಂಟು ಯಾಕೆ? ಮಧ್ಯಾಹ್ನ ಕಣ್ಣಾರೆ ನೋಡಿದೀನಿ, ತೋರಿಸ್ತೀನಿ ತಾಳಿ.” ಫೋನ್ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಉಜ್ಜಿದಳು. “ಎಲ್ಲಿ ಹೋಯ್ತು? ಇಲ್ಲೇ ಇತ್ತು! ಈಗ ಬರೀ ‘ಟೇಬಲ್ ಕಾದಿರಿಸಿ’ ಅಂತಿದೆ.”

“ನಾನು ಈಗ ಕಲೀತಿರೋಳು ತಾಯೀ. ಏನೋ ಒತ್ತಿದ್ರೆ ಏನೋ ಬರುತ್ತೆ, ಏನೋ ಹೋಗುತ್ತೆ. ಎಲ್ಲೆಲ್ಲಿಯದೋ ಚಿತ್ರ ಬಂದಿರಬೇಕು.”

ಆ ಹನ್ನೊಂದು ದಿನದ ದಡ್ಡತನ ಮೊದಲ ಸಲ ಉಪಯೋಗಕ್ಕೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ, “ಇರಬಹುದು ಬಿಡಿ. ಇಸ್ತ್ರಿ ಸುಟ್ಟದ್ದು ಅಂತ ಬರೆದಿತ್ತು. ಆದ್ರೆ ಆ ಕೆಂಪು ಸುತ್ತಿನೊಳಗೆ ದೊಡ್ಡದು ಮಾಡಿ ಮಾಡಿ ನೋಡಿದೆ, ಏನೂ ಕಾಣಲಿಲ್ಲ,” ಎಂದಳು.

“ಕಾಣಬಾರದು ತಾಯೀ. ಅಂಗೈ ಅಗಲದ್ದು, ಆರು ದಿನ ಕೂತು ಮಾಡಿದ್ದು. ಅದು ಕಂಡ್ರೆ...”

ನಾಲಿಗೆ ಕಚ್ಚಿಕೊಂಡೆ. ಆಗಲೇ ತಡವಾಗಿತ್ತು.

ಅವಳು ಸ್ಟೂಲಿನ ಮೇಲೆ ಕೂತಳು. ನಕ್ಕಳೋ ನಿಟ್ಟುಸಿರು ಬಿಟ್ಟಳೋ, ಎರಡೂ ಒಂದೇ ಥರ ಕೇಳಿಸಿತು. “ಎರಡು ತಿಂಗಳಿಂದ ಕೇಳ್ತಿದೀನಿ. ಒಗೆಯೋಕೆ ಹಾಕಿದೀನಿ ಅಂತಾಳೆ. ಎರಡು ತಿಂಗಳು ಅದೇನು ಒಗೆಯೋದು? ಇಡೀ ನದಿಯಲ್ಲಿ ಅದ್ದಿ ತೆಗೀತಿದಾಳಾ? ನಾನು ಎದುರು ಬಂದ್ರೆ ಗೋಡೆ ನೋಡ್ತಾಳೆ. ಸುಟ್ಟೆ ಅಂತ ಒಂದು ಮಾತು ಹೇಳಿದ್ರೆ ಆಗಿತ್ತು.”

“ಹೇಳಿದ್ರೆ ಬೈತಿರಲಿಲ್ವಾ?”

“ಬೈಯದೆ? ಜನ್ಮ ಜಾಲಾಡ್ತಿದ್ದೆ!” ಎದ್ದು ಚೀಲ ಹೆಗಲಿಗೇರಿಸಿದಳು. “ಅವಳಿಗೇ ಕೊಡಿ. ನಾನು ಬಂದಿದ್ದೆ ಅಂತ ಮಾತ್ರ ಹೇಳಬೇಡಿ. ಅವಳ ಬಾಯಿಂದಲೇ ಬರಲಿ.”

ಅವಳು ಹೋದ ಮೇಲೆ ವೆಬ್‌ಸೈಟಿನಲ್ಲಿ ಒಂದೇ ಮಾತು ಬರೆದೆ: ‘ನೀವು ಕೊಟ್ಟದ್ದು ನನ್ನಲ್ಲಿ ಭದ್ರವಾಗಿದೆ. ಗಂಟು ತನ್ನಿ.’ ಕೆಳಗೆ ವಿಳಾಸ. ಅದನ್ನೂ ಪ್ರಕಟಿಸಿದೆ. ಮರುದಿನ ಬೆಳಿಗ್ಗೆ ಬೂದು ಕೋಟಿನವರು ಬಂದರು, ಉಣ್ಣೆ ಪ್ಯಾಂಟಿನವರು ಬಂದರು. ಪ್ಯಾಂಟಿನವರು, “ಕಚ್ಚಿದ್ದು ನನ್ನದೇ ನಾಯಿ ಅಂತ ಬರೆದಿರಲಿಲ್ಲ ಸದ್ಯ,” ಎಂದು ಗೊಣಗಿದರು. ಕ್ಷಮಿಸಿ ಎಂದೆ. ಇನ್ನೂ ಇಪ್ಪತ್ತೊಂಬತ್ತು ಜನರಿಗೆ ಹಾಗೆ ಹೇಳುವುದಿತ್ತು.

ಹನ್ನೊಂದು ಗಂಟೆಗೆ ಔಷಧಿ ಅಂಗಡಿಯವಳು ಓಡೋಡಿ ಬಂದಳು. ಗಂಟು ಕೈಯಲ್ಲಿಟ್ಟಳು. ಶಾಲನ್ನು ಕಿಟಕಿಗೆ ಹಿಡಿದು ಸುಟ್ಟ ಜಾಗವನ್ನು ಹುಡುಕಿದಳು, ತಿರುಗಿಸಿ ಹುಡುಕಿದಳು, ಕೊನೆಗೆ ಮುಖಕ್ಕೆ ಒತ್ತಿಕೊಂಡು ಅತ್ತೇಬಿಟ್ಟಳು.

“ಕ್ಷಮಿಸು ತಾಯೀ, ನಾನು ಹಾಗೆ ಹಾಕಬಾರದಿತ್ತು.”

“ಹೋಗಲಿ ಬಿಡಿ ಅಜ್ಜಿ. ಅವಳು ನೋಡಿಲ್ಲ ಅನ್ಸುತ್ತೆ. ನಿನ್ನೆ ಏನೂ ಅನ್ನಲಿಲ್ಲ. ಇವತ್ತು ಸುಮ್ಮನೆ ಅವಳ ಬೀರುವಿನಲ್ಲಿ ಇಟ್ಟುಬಿಡ್ತೀನಿ.”

ನಿನ್ನೆಯಿಂದ ಸರಿಯಾಗಿ ಊಟವಿಲ್ಲ, ತಲೆಯೊಳಗೆ ಆ ಬಣ್ಣದ ಕಾಗದ ಉದುರುತ್ತಲೇ ಇತ್ತು. ನನ್ನ ತಾಳ್ಮೆಯ ದಾರ ಅಲ್ಲೇ ಎಲ್ಲೋ ತುಂಡಾಯಿತು.

“ಸುಮ್ಮನೆ ಯಾಕಮ್ಮಾ ಇಡ್ತೀಯ? ಸುಟ್ಟೆ ಅಂತ ಹೇಳಿ ಇಡು. ಬೈದ್ರೆ ಒಂದು ಗಂಟೆ ಬೈತಾರೆ. ಎರಡು ತಿಂಗಳು ಗೋಡೆ ನೋಡ್ಕೊಂಡು ಓಡಾಡೋದಕ್ಕಿಂತ ಅದು ಮೇಲಲ್ವಾ?”

ಶಾಲು ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ನಾನು ಗೋಡೆ ನೋಡೋದು ನಿಮಗೆ ಯಾರು ಹೇಳಿದ್ರು?”

ನಾನು ಸೂಜಿಪೆಟ್ಟಿಗೆ ನೋಡಿದೆ, ಕಿಟಕಿ ನೋಡಿದೆ. ಅಳಿಸಲು ಯಾವ ಗುಂಡಿಯೂ ಇರಲಿಲ್ಲ.

“ಕೂತ್ಕೋ ತಾಯೀ,” ಎಂದು ಸ್ಟೂಲು ಎಳೆದೆ. “ಮೊದಲು ಒಂದು ಲೋಟ ನೀರು ಕುಡಿ.”