ಮೇಣದ ಮೇಲಿನ ಗಂಟೆಗೋಪುರ

ನಾಣ್ಯದ ಅಚ್ಚು ಕೆತ್ತುವವರಿಗೆ ಲೋಕವೆಲ್ಲ ಉಲ್ಟಾ. ಉಕ್ಕಿನಲ್ಲಿ ಎಡಕ್ಕೆ ಕೆತ್ತಿದ್ದು ನಾಣ್ಯದಲ್ಲಿ ಬಲಕ್ಕೆ ಮೂಡುತ್ತದೆ. ಟಂಕಸಾಲೆಯ ಆ ಕೆತ್ತನೆಗಾರ್ತಿ ಮೂವತ್ತು ವರ್ಷ ಈ ಉಲ್ಟಾ ಲೋಕದಲ್ಲೇ ಕಳೆದು, ಒಮ್ಮೆಯೂ ಎಡವಿರಲಿಲ್ಲ. ಆ ಹೆಮ್ಮೆ ಅವಳಿಗೆ ತುಸು ಜಾಸ್ತಿಯೇ ಇತ್ತೆನ್ನಿ.

ಈ ಸಲದ್ದು ಊರಿನ ಹಳೆಯ ಚರ್ಚಿನ ಸ್ಮರಣೆಯ ನಾಣ್ಯ. ಇನ್ನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದ ದೊರೆಗಳು ಕಟ್ಟಿಸಿದ ಚರ್ಚು. ಕಲ್ಲು ಹೊತ್ತವರು ಮಾತ್ರ ಊರಿನವರೇ. ಅವಳ ಅಪ್ಪನೂ ಕಲ್ಲುಕೆಲಸದವರು, ನಲವತ್ತು ವರ್ಷ ಅದರ ಗೋಡೆಗಳನ್ನು ದುರಸ್ತಿ ಮಾಡಿದವರು. ಈಗ ಎರಡೂ ಕಣ್ಣು ಹೋಗಿವೆ. ಅವರು ಮುಟ್ಟಿ ನೋಡಲೆಂದು, ಕೆತ್ತಿದ ಅಚ್ಚಿಗೆ ಮೇಣ ಒತ್ತಿ, ನಾಣ್ಯದಲ್ಲಿ ಮೂಡುವಂತೆಯೇ ಪ್ರತಿ ತೆಗೆದು, ಸಂಜೆ ಡಬ್ಬಿಯಲ್ಲಿಟ್ಟು ಮನೆಗೆ ತಂದಳು. ಲೋಹದ ಚೂರನ್ನೂ ಹೊರಬಿಡದ ಗೇಟಿನವನು ಮೇಣಕ್ಕೆ ತಕರಾರು ಮಾಡಲಿಲ್ಲ. ಬೆಳಿಗ್ಗೆ ಅಚ್ಚು ಕುಲುಮೆಗೆ ಹೋಗುವುದಿತ್ತು. ಅಲ್ಲಿ ಉಕ್ಕು ಗಟ್ಟಿಯಾಯಿತೆಂದರೆ ಮುಗಿಯಿತು, ಆಮೇಲೆ ಯಾರಿಂದಲೂ ತಿದ್ದಲಾಗದು.

ಅಪ್ಪ ಮೇಣದ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರು. "ಇದು ಮೆಟ್ಟಿಲು. ಇದು ಕಮಾನು. ಕಿಟಕಿ ಮೂರು, ಸರಿಯಾಗಿದೆ." ಬೆರಳು ಮೇಲೇರಿ ನಿಂತುಬಿಟ್ಟಿತು. "ಗಂಟೆಗೋಪುರ ಯಾಕಮ್ಮ ಬಲಕ್ಕೆ ಬಂತು? ಎದುರಿಗೆ ನಿಂತ್ರೆ ಅದು ಎಡಕ್ಕಿರೋದು."

"ಇಲ್ಲಪ್ಪ, ಅಧಿಕಾರಿಗಳೆಲ್ಲ ನೋಡಿ ಸಹಿ ಹಾಕಿದ್ದಾರೆ."

"ಹಾಕ್ಲಿ ಬಿಡು. ಅವರು ಸಹಿ ಹಾಕಿದ್ರೆ ಗೋಪುರ ಎದ್ದು ಆ ಕಡೆ ಹೋಗುತ್ತಾ?"

ಅವಳು ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಗೆ ಓಡಿದಳು. ಸಂಜೆಬಿಸಿಲಿನಲ್ಲಿ ಚರ್ಚು ನಿಂತಿತ್ತು, ಗೋಪುರ ಎಡಕ್ಕೆ. ಆಗ ಹೊಳೆಯಿತು. ಕೆತ್ತುವ ಮುನ್ನ ತೆಳುಹಾಳೆಯ ಚಿತ್ರವನ್ನು ಮಗುಚಿ ಅಂಟಿಸುವುದು ರೂಢಿ. ಕೆತ್ತನೆ ಶುರುಮಾಡಿದ ದಿನ ಊಟಕ್ಕೆ ಮುಂಚೆ ಒಮ್ಮೆ ಮಗುಚಿದ್ದಳು, ಊಟ ಮುಗಿಸಿ ಬಂದು ಮತ್ತೊಮ್ಮೆ ಮಗುಚಿದ್ದಳು; ಉಲ್ಟಾ ಆಗಬೇಕಿದ್ದ ಚಿತ್ರ ಮತ್ತೆ ನೇರವಾಗಿಬಿಟ್ಟಿತ್ತು. ಉಲ್ಟಾ ನೋಡಿ ನೋಡಿ ಪಳಗಿದ ಕಣ್ಣಿಗೆ ಯಾವುದೂ ತಪ್ಪೆನಿಸಿರಲಿಲ್ಲ.

ನಾಚಿಕೆಪಡಬೇಕಾದ ಹೊತ್ತಿನಲ್ಲಿ ಅವಳ ಮೈ ಜುಮ್ಮೆಂದಿತು. ಆಕಾಶಕ್ಕೆ ಮುಟ್ಟುವಂತಿದ್ದ ಆ ಕಲ್ಲಿನ ರಾಶಿಯನ್ನು ಕತ್ತೆತ್ತಿ ನೋಡಿದಳು. ಕೂದಲೆಳೆಯಷ್ಟೇ ಉಬ್ಬಿದ ಮೇಣದಲ್ಲಿ ಅಪ್ಪ ಇದನ್ನು ಇಡಿಯಾಗಿ ಕಂಡಿದ್ದರು. ತಾನು ದಿನಾ ಇದರ ಮುಂದೆಯೇ ಓಡಾಡಿಯೂ ಕಂಡಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಮೂವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಆ ಆಸೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೂ ಬೆಳಿಗ್ಗೆ ಕುಲುಮೆ ಹೊತ್ತಿಸುವ ಮುಂಚೆಯೇ ಹೋಗಿ, ಅಚ್ಚನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು.

"ತಪ್ಪಾಗಿದೆ ಸಾರ್. ಗೋಪುರ ಎಡಕ್ಕಿರಬೇಕಿತ್ತು. ಹೊಸದಾಗಿ ಕೆತ್ತುತ್ತೀನಿ."

ಅಧಿಕಾರಿ ಅಚ್ಚನ್ನು ತಿರುತಿರುಗಿಸಿ ನೋಡಿದರು. "ಏಳು ಜನ ನೋಡಿದ್ವಲ್ರೀ. ಒಬ್ಬರಿಗೂ ಗೊತ್ತಾಗ್ಲಿಲ್ಲ. ಯಾರು ಕಂಡುಹಿಡಿದದ್ದು?"

"ನಮ್ಮಪ್ಪ. ಅಲ್ಲಿ ಕಲ್ಲುಕೆಲಸ ಮಾಡ್ತಿದ್ರು."

"ಕರ್ಕೊಂಡು ಬನ್ನಿ. ಹೊಸದನ್ನ ಅವರೇ ನೋಡಿ ಹೇಳ್ಲಿ."

"ಅವರಿಗೆ ಕಣ್ಣು ಕಾಣಲ್ಲ ಸಾರ್. ಮುಟ್ಟಿ ಹೇಳಿದ್ರು."

ಅಧಿಕಾರಿ ಅಚ್ಚನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಆ ಹಿರಿಯರೇ ಎದುರಿಗೆ ಬಂದಂತೆ ಕುರ್ಚಿಯಿಂದ ಎದ್ದು ನಿಂತರು.