ಲಾಭ, ಹದಿನಾಲ್ಕು

ರಾಷ್ಟ್ರೀಯ ಅನ್ನುವ ಪದ ಕಂಡರೆ ಹನುಮಂತರಾಜುವಿಗೆ ಈಗೀಗ ಮೈಯೆಲ್ಲ ಉರಿಯುತ್ತದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟಾರು ಸುಟ್ಟುಕೊಂಡವರು ಅಲ್ಲಿಗೆ ಬರುತ್ತಾರೆ, ಬೈಯುತ್ತಾರೆ, ಕಾಯುತ್ತಾರೆ, ಹೊತ್ತುಕೊಂಡು ಹೋಗುತ್ತಾರೆ. ಅದೇ ಅಂಗಡಿಯ ಹಿಂದಿನ ಗೋಡೆಯ ಮೇಲೆ, ತಾಮ್ರದ ತಂತಿಯ ಸುರುಳಿಗಳ ಪಕ್ಕದಲ್ಲಿ, ಒಂದು ಬೋರ್ಡು: ರಾಷ್ಟ್ರೀಯ ರಿಮೋಟ್ ಹಾಯಿದೋಣಿ ಸಂಘ, ಕೇಂದ್ರ ಕಚೇರಿ. ಕಚೇರಿ ಅಂದರೆ ಒಂದು ಟ್ರಂಕು. ಸಂಘ ಅಂದರೆ ಏಳು ಊರುಗಳಲ್ಲಿ ಚೆಲ್ಲಿಹೋದ ಇಪ್ಪತ್ತಮೂರು ಜನ. ಅವರಲ್ಲಿ ಫೋನ್ ಎತ್ತುವವರು ಹನ್ನೊಂದು.

ದೋಣಿ ಅಂದರೆ ಜನ ಕೂರುವ ದೋಣಿಯಲ್ಲ. ಒಂದು ಮೀಟರ್ ಉದ್ದ, ಎದೆಮಟ್ಟದ ಹಾಯಿ, ಎಂಜಿನ್ ಇಲ್ಲ. ದಡದಲ್ಲಿ ನಿಂತವನು ರಿಮೋಟಿನಿಂದ ಚುಕ್ಕಾಣಿ ತಿರುಗಿಸಬಹುದು, ಹಾಯಿಯ ಹಗ್ಗ ಬಿಗಿ ಮಾಡಬಹುದು ಇಲ್ಲ ಸಡಿಲ ಬಿಡಬಹುದು. ಮಿಕ್ಕಿದ್ದೆಲ್ಲ ಗಾಳಿಯ ಕೆಲಸ. ಹತ್ತು ವರ್ಷದ ಹಿಂದೆ ಯಾರೋ ಗಿರಾಕಿ ಇಂಥ ದೋಣಿಯ ಹಗ್ಗ ಎಳೆಯುವ ಪುಟ್ಟ ಮೋಟಾರೊಂದನ್ನು ರಿಪೇರಿಗೆ ತಂದಿದ್ದ. ಇದು ಯಾತಕ್ಕೆ ಎಂದು ಹನುಮಂತರಾಜು ಕೇಳಿದ್ದೇ ತಪ್ಪಾಯಿತು. ಆರು ತಿಂಗಳಲ್ಲಿ ತಾನೇ ಒಂದು ದೋಣಿ ಕಟ್ಟಿದ, ಸಂಘ ಸೇರಿದ, ಹಾಯಿಗೆ ಹದಿನಾಲ್ಕನೇ ನಂಬರು ಸಿಕ್ಕಿತು. ಮರುವರ್ಷದ ಸಭೆಯಲ್ಲಿ ಕಾಫಿ ಕುಡಿಯಲು ಐದು ನಿಮಿಷ ಹೊರಗೆ ಹೋಗಿ ಬಂದ. ಅಷ್ಟರಲ್ಲಿ ಅವನನ್ನು ಸರ್ವಾನುಮತದಿಂದ ಕಾರ್ಯದರ್ಶಿ ಮಾಡಿ ಮುಗಿಸಿದ್ದರು.

ಅಲ್ಲಿಂದ ಒಂಬತ್ತು ವರ್ಷ. ರಾಷ್ಟ್ರೀಯ ಪಂದ್ಯ ನಡೆಸುವವನು ತಾನೇ ದೋಣಿ ಬಿಡುವ ಹಾಗಿಲ್ಲ, ಯಾರಾದರೂ ಪೀಪಿ ಊದಬೇಕಲ್ಲ. ಪ್ರತಿ ವರ್ಷ ಹದಿನಾಲ್ಕನೇ ನಂಬರಿನ ದೋಣಿಯನ್ನು ಒರೆಸಿ, ತಿಕ್ಕಿ, ಕೆರೆಯ ದಡದವರೆಗೂ ತರುತ್ತಿದ್ದ. ಪ್ರತಿ ವರ್ಷ ಅದು ಒಣಗಿದ್ದ ಹಾಗೇ ಮನೆಗೆ ವಾಪಸಾಗುತ್ತಿತ್ತು. ಒಂದೇ ಒಂದು ಸಲ ತನ್ನ ದೋಣಿಯೂ ಪಂದ್ಯದ ಕಾಗದದಲ್ಲಿ ಬರಬೇಕು ಅನ್ನುವುದು ಅವನ ಆಸೆ. ಅದನ್ನು ಹೆಂಡತಿ ಗಂಗಲಕ್ಷ್ಮಿಯ ಹತ್ತಿರ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ.

ಈ ವರ್ಷ ವಿಶ್ವ ಒಕ್ಕೂಟದಿಂದ ಪತ್ರ ಬಂತು. ನಿಮ್ಮ ಸಂಘ ಬರೀ ಕಾಗದದ ಮೇಲಿದೆ ಎಂಬ ಅನುಮಾನ ನಮಗಿದೆ. ನಮ್ಮ ವೀಕ್ಷಕರ ಎದುರಿಗೆ, ಒಂದಾದರೂ ರೇಸಿನಲ್ಲಿ ಹತ್ತು ದೋಣಿ ಹೊರಟು ಹತ್ತೂ ಗುರಿ ಮುಟ್ಟಬೇಕು. ಇಲ್ಲದಿದ್ದರೆ ಮಾನ್ಯತೆ ರದ್ದು. ಮಾನ್ಯತೆ ಹೋದರೆ ಹಾಯಿಯ ಮೇಲೆ ದೇಶದ ಅಕ್ಷರ ಬರೆಯುವ ಹಾಗಿಲ್ಲ, ಹೊರದೇಶದ ಪಂದ್ಯಕ್ಕೆ ಯಾರನ್ನೂ ಕಳಿಸುವ ಹಾಗಿಲ್ಲ. ಒಂಬತ್ತು ವರ್ಷ ಊದಿದ ಪೀಪಿಗೆ ಅರ್ಥವೇ ಉಳಿಯುವುದಿಲ್ಲ.

ಹಂದನಕೆರೆಯ ದಾರಿಯಲ್ಲಿ, ತೋಟಗಳ ನಡುವೆ, ಈ ಸಲ ತುಂಬಿದ ಕೆರೆಯೊಂದನ್ನು ಹನುಮಂತರಾಜು ಗೊತ್ತು ಮಾಡಿದ. ಮಾಡಿದ್ದೇ ತಡ, ಸಂಘದ ಗ್ರೂಪಿನಲ್ಲಿ ತಕರಾರು ಶುರುವಾಯಿತು. ಅಲ್ಲಿ ಹೋಟೆಲ್ ಇದೆಯಾ ಎಂದು ಒಬ್ಬ. ನಮ್ಮೂರಲ್ಲಿ ಯಾಕೆ ಮಾಡಬಾರದು ಎಂದು ಇನ್ನೊಬ್ಬ. ನಿಮ್ಮೂರಲ್ಲಿ ನೀವೇ ಮಾಡಿ ಸ್ವಾಮಿ ಅಂದರೆ ಆಸಾಮಿ ಆಫ್‌ಲೈನ್. ಬರುತ್ತೇನೆ ಅಂದವರು ಹದಿನಾರು, ಬಂದವರು ಒಂಬತ್ತು. ಶನಿವಾರ ಪೂರ್ತಿ ಗಾಳಿಯೇ ಬೀಸಲಿಲ್ಲ. ಒಂಬತ್ತು ಜನ ದಡದಲ್ಲಿ ಕೂತು ಎಳನೀರು ಕುಡಿದು, ಕಾರ್ಯದರ್ಶಿಯ ಕಡೆ ನೋಡಿದರು, ಗಾಳಿಯನ್ನು ಅವನೇ ಟ್ರಂಕಿನಲ್ಲಿ ಬಚ್ಚಿಟ್ಟಿದ್ದಾನೆ ಅನ್ನುವ ಹಾಗೆ. ಭಾನುವಾರ ಬೆಳಿಗ್ಗೆ ಮೀನಿನ ಗುತ್ತಿಗೆಯವರು ಬಲೆ ಎಳೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಇನ್ನು ಒಂದೆರಡು ರೇಸಿಗೆ ಮಾತ್ರ ಹೊತ್ತು ಉಳಿದಿತ್ತು. ಅಷ್ಟರಲ್ಲಿ, ಪಂದ್ಯ ನಡೆಸಿಕೊಡಲು ಒಪ್ಪಿದ್ದ ಭೀಮರಾಜು ಫೋನ್ ಮಾಡಿದ.

"ಸಾರ್, ಬಾಮೈದನ ಮಗೀಗೆ ನಾಮಕರಣ ಕಣ್ರೀ. ಇವತ್ತೇ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಮಗು ಹುಟ್ಟಿದ್ದಾದ್ರೂ ಗೊತ್ತಿತ್ತೇನಪ್ಪ?" ಅಂದು ಹನುಮಂತರಾಜು ಫೋನ್ ಇಟ್ಟ.

ಒಂಬತ್ತು ದೋಣಿಯ ಜೊತೆಗೆ ಅವನದೂ ಇಳಿದರೆ ಮಾತ್ರ ಹತ್ತು. ಅವನು ಇಳಿದರೆ ಗುರಿಯ ಗೆರೆಯಲ್ಲಿ ನಿಂತು ಕೂಗುವವರು ಯಾರು? ವೀಕ್ಷಕ ಅರುಣ್ ಕುಮಾರ್, ಭೋಪಾಲಿನಿಂದ ಬಂದಿದ್ದ ನಿವೃತ್ತ ಅಧಿಕಾರಿ, ತಾನು ಕೇಳಿದ್ದನ್ನು ಬರೆಯುತ್ತೇನೆಯೇ ಹೊರತು ಕೂಗುವುದು ತನ್ನ ಕೆಲಸವಲ್ಲ ಅಂದ. ಆಗ ಹನುಮಂತರಾಜುವಿನ ಕಣ್ಣಿಗೆ ಬಿದ್ದವನು ದೊಡ್ಡರಂಗಯ್ಯ.

ದೊಡ್ಡರಂಗಯ್ಯ ಈ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಎಣಿಸುವವನು. ವಯಸ್ಸು ಎಪ್ಪತ್ತು ದಾಟಿದೆ. ಎರಡು ಕೈಯಲ್ಲೂ ಕಾಯಿ ಎತ್ತಿ ಎಸೆಯುತ್ತ, ಬಾಯಲ್ಲಿ ಎಣಿಸುತ್ತ, ನೂರಕ್ಕೊಂದು ಗುರುತಿನ ಕಾಯಿ ಪಕ್ಕಕ್ಕಿಡುತ್ತ ಹೋದನೆಂದರೆ ಹತ್ತು ಸಾವಿರಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವತ್ತು ಬೆಳಗಿನಿಂದ ಏರಿಯ ಮೇಲೆ ಕೂತು, ಸಿಕ್ಕಿದವರ ಹತ್ತಿರವೆಲ್ಲ ಕಾಯಿ ವ್ಯಾಪಾರದ ಸಂಗತಿ ಮಾತಾಡುತ್ತಿದ್ದ.

"ದೋಣಿ ಗೆರೆ ದಾಟ್ದಂಗೆ ಎಷ್ಟನೇದು, ಹಾಯಿ ಮ್ಯಾಲೆ ಯಾವ ನಂಬ್ರು ಅಂತ ಜೋರಾಗಿ ಕೂಗ್ಬೇಕು ತಾತ. ಸಾಹೇಬ್ರು ಬರ್ಕತಾರೆ."

"ಕಾಯಿ ಎಣ್ಸೋನಿಗೆ ಹತ್ತು ದೋಣಿ ಎಣ್ಸೋದು ಯಾವ ಮಹಾ, ಬುಡಪ್ಪ," ಅಂದ ದೊಡ್ಡರಂಗಯ್ಯ. ಅರುಣ್ ಕುಮಾರ್ ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದವನು, ಒಂದರಿಂದ ನೂರರವರೆಗೆ ಕನ್ನಡದಲ್ಲಿ ತನಗೆ ಗೊತ್ತು ಎಂದು ಹೆಮ್ಮೆಯಿಂದ ಹೇಳಿದ. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡ ಹನುಮಂತರಾಜು.

ರೇಸು ಹೊರಟಿತು. ಉಳಿದವರೆಲ್ಲ ತಮ್ಮ ದೋಣಿಯ ತುದಿಗೆ ಕಟ್ಟಿದ ರಿಬ್ಬನ್ನು ನೋಡಿ ಗಾಳಿ ಅಂದಾಜು ಮಾಡುತ್ತಿದ್ದರು. ಹನುಮಂತರಾಜು ಆಚೆ ದಡದ ತೆಂಗಿನ ಗರಿ ನೋಡುತ್ತಿದ್ದ. ಗರಿ ಎಲ್ಲಿ ಅಲ್ಲಾಡಿತೋ, ಇನ್ನೊಂದು ಗಳಿಗೆಯಲ್ಲಿ ಆ ಗಾಳಿ ನೀರಿಗಿಳಿಯುತ್ತದೆ. ಹುಟ್ಟಿದಾಗಿನಿಂದ ಆ ಗರಿಗಳನ್ನು ನೋಡಿದವನಿಗೆ ಬೇರೆ ರಿಬ್ಬನ್ನು ಬೇಕೆ? ಎರಡನೇ ಸುತ್ತಿನಲ್ಲಿ ಅವನು ಎಲ್ಲರನ್ನೂ ಬಿಟ್ಟು ಎಡಕ್ಕೆ ಹೋದ. ಮೈಸೂರಿನ ದಂತವೈದ್ಯ ದಯಾನಂದ, ಮೂರು ಸಲ ಗೆದ್ದವನು, ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದು ನಕ್ಕ. ಆದರೆ ಗಾಳಿ ಬಂದದ್ದು ಎಡದಿಂದಲೇ. ಹದಿನಾಲ್ಕನೇ ನಂಬರಿನ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು, ನೀರು ಸೀಳಿಕೊಂಡು ಗೆರೆ ದಾಟಿತು.

ಏರಿಯ ಮೇಲಿನಿಂದ ದೊಡ್ಡರಂಗಯ್ಯನ ಗಂಟಲು ಕೆರೆಗೆಲ್ಲ ಕೇಳಿಸಿತು. "ಲಾಭ, ಹದಿನಾಲ್ಕು."

ಹನುಮಂತರಾಜುವಿನ ಕಣ್ಣು ತುಂಬಿ ಬಂತು. ಹಿಂದಿನಿಂದ ದಯಾನಂದ. "ಎಲ್ಡು, ಏಳು." ಮೂರು, ನಾಕು, ಐದು ಎಂದು ಒಂದೊಂದಾಗಿ ದಾಟಿದವು. ಹತ್ತನೆಯದೂ ದಾಟಿತು. ದೊಡ್ಡರಂಗಯ್ಯ ಎಣಿಕೆ ಮುಗಿದ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಟ್ಟ. ಎಲ್ಲರೂ ಕೈಕುಲುಕಿದರು. ಗಂಗಲಕ್ಷ್ಮಿ ತಂದಿದ್ದ ಚಿತ್ರಾನ್ನ ತಿಂದರು. ಹನುಮಂತರಾಜು ಎರಡು ಸಲ ಹಾಕಿಸಿಕೊಂಡ.

ಅರುಣ್ ಕುಮಾರ್ ಫಲಿತಾಂಶದ ಕಾಗದವನ್ನು ಕಾರಿನ ಗಾಜಿಗೆ ಅಂಟಿಸಿದಾಗ ಎಲ್ಲರೂ ಕೈ ತೊಳೆದು ಬಂದು ನೋಡಿದರು. ಒಂದನೇ ಸ್ಥಾನ ಖಾಲಿ. ಎರಡರಿಂದ ಹತ್ತರವರೆಗೆ ಒಂಬತ್ತು ದೋಣಿ. ಕೆಳಗೆ ಷರಾ: ಒಂದು ದೋಣಿ ಗುರಿ ಮುಟ್ಟಿದ ದಾಖಲೆಯಿಲ್ಲ, ಷರತ್ತು ಪೂರೈಸಿಲ್ಲ.

"ಹದಿನಾಲ್ಕು ಎಲ್ಲಿ?" ಹನುಮಂತರಾಜುವಿನ ದನಿ ಅವನಿಗೇ ವಿಚಿತ್ರವಾಗಿ ಕೇಳಿಸಿತು.

ಅರುಣ್ ಕುಮಾರ್ ಶಾಂತವಾಗಿಯೇ ವಿವರಿಸಿದ. ನಾನು ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೆ. ಒಂದು ಎಂದು ಕೂಗುವುದಕ್ಕೇ ಕಾಯುತ್ತಿದ್ದೆ. ಈ ಹಿರಿಯರು ಒಂದು ಅನ್ನಲೇ ಇಲ್ಲ, ನೇರವಾಗಿ ಎರಡಕ್ಕೆ ಹೋದರು. ಅದಕ್ಕೆ ಮುಂಚೆ ಯಾರ ಜೊತೆಗೋ ವ್ಯಾಪಾರ ಮಾತಾಡುತ್ತಿದ್ದರು, ಲಾಭ ಹದಿನಾಲ್ಕು ಅಂತ.

ಎಣಿಸುವಾಗ ನಮ್ಮ ಕಡೆ ಒಂದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ರಾಗಿ ಅಳೆಯಲಿ, ಕಾಯಿ ಎಣಿಸಲಿ, ಲಾಭ, ಎರಡು, ಮೂರು. ಇದನ್ನು ಹನುಮಂತರಾಜು ಕನ್ನಡದಲ್ಲಿ, ಹಿಂದಿಯಲ್ಲಿ, ಕೊನೆಗೆ ಕೈಸನ್ನೆಯಲ್ಲಿ ಹೇಳಿದ. ಹೇಳುತ್ತ ಹೇಳುತ್ತ ಸಿಟ್ಟು ನೆತ್ತಿಗೇರಿತು. ಒಂಬತ್ತು ವರ್ಷ ಎಲ್ಲ ಮುನ್ನೆಚ್ಚರಿಕೆ ತಗೊಂಡವನು, ಬ್ಯಾಟರಿಗೆ ಬ್ಯಾಟರಿ, ಪೀಪಿಗೆ ಪೀಪಿ ಜೋಡಿ ಇಟ್ಟುಕೊಂಡವನು, ತನ್ನ ಕಿವಿಗೆ ಅಷ್ಟು ಸಹಜವಾದ ಒಂದು ಪದದ ಬಗ್ಗೆ ಯೋಚನೆ ಮಾಡಿರಲಿಲ್ಲ.

ದೊಡ್ಡರಂಗಯ್ಯನನ್ನು ಕರೆಸಿದರು. "ಒಂದು ಅಂತ ಎಂಗಪ್ಪ ಅನ್ನೋದು?" ಅಂದ ಆತ. "ಒಂದು ಅಂದ್ರೆ ಅದು ಒಂದಕ್ಕೇ ನಿಂತ್ಕತದೆ. ಲಾಭ ಅಂದ್ರೆ ಬೆಳೀತದೆ."

ಅರುಣ್ ಕುಮಾರನಿಗೆ ಅರ್ಥವಾಯಿತು. ಕೆಟ್ಟ ಮನುಷ್ಯನೇನಲ್ಲ. ಆದರೆ ಅಂಟಿಸಿದ ಕಾಗದ ತಿದ್ದಬೇಕಾದರೆ ರೇಸು ಮುಗಿದ ಅರ್ಧ ಗಂಟೆಯೊಳಗೆ ಲಿಖಿತ ಆಕ್ಷೇಪಣೆ ಬಂದಿರಬೇಕು, ಅದು ನಿಮ್ಮ ಸಂಘದ್ದೇ ನಿಯಮ ಅಂದ. ಚಿತ್ರಾನ್ನ ತಿನ್ನುವುದರಲ್ಲಿ ಮೂವತ್ತಾರು ನಿಮಿಷ ಕಳೆದಿತ್ತು.

ಆ ನಿಯಮ ಬರೆದವನು ಹನುಮಂತರಾಜುವೇ. ಹೋದ ವರ್ಷ ದಯಾನಂದ ಒಂದು ಆಕ್ಷೇಪಣೆ ತಂದಾಗ, ಆರು ನಿಮಿಷ ತಡವಾಯಿತು ಎಂದು ಓದದೆಯೇ ವಾಪಸು ಕೊಟ್ಟವನೂ ಅವನೇ. ಸರಿಯಾದ ಆಕ್ಷೇಪಣೆ ಅದು. ತಗೊಂಡಿದ್ದರೆ ದಯಾನಂದ ನಾಲ್ಕನೇ ಸಲ ಗೆಲ್ಲುತ್ತಿದ್ದ.

"ಆಕ್ಷೇಪಣೆ ಬಂದ ಸಮಯದ ಜಾಗದಲ್ಲಿ ನೀವು ಹತ್ತು ನಿಮಿಷ ಹಿಂದಕ್ಕೆ ಬರೆದು ಸಹಿ ಹಾಕಿದರೆ ನಾನು ಪ್ರಶ್ನೆ ಮಾಡುವುದಿಲ್ಲ," ಎಂದ ಅರುಣ್ ಕುಮಾರ್, ಹಿಂದಿಯಲ್ಲಿ, ಮೆಲ್ಲಗೆ.

"ಬರೀರಿ ಸಾರ್, ಬರೀರಿ," ಎಂದರು ಉಳಿದವರೆಲ್ಲ. ಒಂದೇ ಸಹಿಯಲ್ಲಿ ಸಂಘವೂ ಉಳಿಯುತ್ತಿತ್ತು, ಗೆಲುವೂ ಉಳಿಯುತ್ತಿತ್ತು. ಹನುಮಂತರಾಜು ಪೆನ್ನು ತೆಗೆದ. ದಯಾನಂದ ಮಾತ್ರ ಕೈಗಡಿಯಾರ ನೋಡಿದ, ಹನುಮಂತರಾಜುವನ್ನು ನೋಡಿದ.

"ಆರು ನಿಮಿಷ ಅಲ್ವೇನ್ರೀ ಸೆಕ್ರೆಟ್ರಿ?" ಅಂದ. ಕೊಂಕು ಕೂಡ ಇರಲಿಲ್ಲ ದನಿಯಲ್ಲಿ.

ಯಾರ ಮೇಲೆ ಸಿಟ್ಟು ಮಾಡುವುದು? ನಾಮಕರಣಕ್ಕೆ ಹೋದ ಭೀಮರಾಜುವಿನ ಮೇಲೆ, ಒಂದು ಅನ್ನದ ಮುದುಕನ ಮೇಲೆ, ಒಂದೇ ಒಂದು ಸಲ ತಲೆಯೆತ್ತಿ ನೋಡದ ಸಾಹೇಬನ ಮೇಲೆ, ಎಲ್ಲರ ಮೇಲೂ ಬಂತು. ಆದರೆ ಪೆನ್ನು ಹಿಡಿದಿದ್ದವನು ಹನುಮಂತರಾಜು. ಪಂದ್ಯ ನಡೆಸುವ ಸಂಘಕ್ಕೆ ರೇಸನ್ನೇ ರದ್ದು ಮಾಡಿ ಮತ್ತೆ ಓಡಿಸುವ ಅಧಿಕಾರ ಇತ್ತು, ಅದಕ್ಕೆ ಗಡುವು ಇರಲಿಲ್ಲ. ಕಾಗದದ ಮೇಲೆ ಅಡ್ಡಗೆರೆ ಎಳೆದು, ಸಹಿ ಹಾಕಿ, "ಇನ್ನೊಂದ್ಸಲ ಬಿಡಾನ ನಡೀರಿ," ಅಂದ.

ಎರಡನೇ ಸಲ ಗಾಳಿ ಸೊರಗಿತ್ತು. ದಯಾನಂದ ಸಲೀಸಾಗಿ ಮೊದಲು ಬಂದ. "ಲಾಭ, ಏಳು," ಎಂಬ ಕೂಗಿಗೆ ಅರುಣ್ ಕುಮಾರ್ ತಲೆಯೆತ್ತಿ ನೋಡಿ, ಒಂದನೇ ಸಾಲಿನಲ್ಲಿ ಬರೆದುಕೊಂಡ. ಅದಾದ ಹತ್ತು ನಿಮಿಷದೊಳಗೆ ಮಿಕ್ಕವರೆಲ್ಲ ಗೆರೆ ದಾಟಬೇಕು. ಅವನದೂ ಸೇರಿ ಒಂಬತ್ತು ದೋಣಿ ದಾಟಿದವು. ಹದಿನಾಲ್ಕು ಮಾತ್ರ ತೋಟದ ಮರೆಗೆ ಸಿಕ್ಕಿ, ಗೆರೆಗೆ ಇಪ್ಪತ್ತು ಅಡಿ ದೂರದಲ್ಲಿ, ಹಾಯಿ ಜೋತುಬಿಟ್ಟುಕೊಂಡು ನಿಂತಿತು. ಇನ್ನೂ ಎರಡು ನಿಮಿಷ, ಅಂದರು ಯಾರೋ. ಎಲ್ಲರೂ ದೋಣಿ ನೋಡುತ್ತಿದ್ದರು. ಹನುಮಂತರಾಜು ಗರಿ ನೋಡುತ್ತಿದ್ದ. ಬಲಗಡೆಯ ಒಂದೇ ಒಂದು ಮರದ ಸುಳಿಯ ಹತ್ತಿರ ಗರಿ ಮಿಸುಕಿತು. ಚುಕ್ಕಾಣಿ ಅತ್ತ ತಿರುಗಿಸಿ, ಹಗ್ಗ ಸಡಿಲ ಬಿಟ್ಟು ಕಾದ. ಉಸಿರಿನಷ್ಟು ಗಾಳಿ ಬಂತು. ದೋಣಿ ತೆವಳಿಕೊಂಡು ಬಂದು ಗೆರೆಗೆ ಮೂಗು ತಾಗಿಸಿತು.

"ಹತ್ತು, ಹದಿನಾಲ್ಕು."

ಮಾನ್ಯತೆ ಉಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಹನುಮಂತರಾಜು ಮೊಣಕಾಲುದ್ದ ನೀರಿಗಿಳಿದು, ದೋಣಿಯ ಅಡಿಗೆ ಸುತ್ತಿಕೊಂಡಿದ್ದ ಪಾಚಿ ಕೀಳುತ್ತಿದ್ದಾಗ, ಮೇಲೆ ಐದು ನಿಮಿಷದ ಸಭೆ ನಡೆದು, ಇನ್ನೂ ಒಂದು ವರ್ಷಕ್ಕೆ ಅವನನ್ನೇ ಕಾರ್ಯದರ್ಶಿ ಮಾಡಿದರು. ಸೂಚಿಸಿದವನು ದಯಾನಂದ.

ಕಾರುಗಳು ಹೋದ ಮೇಲೆ ದೊಡ್ಡರಂಗಯ್ಯ ಏರಿಯ ಮೇಲಿನ ಎರಡು ಗುರುತಿನ ಕಾಯಿ ತೋರಿಸಿದ.

"ಎಲ್ಡು ಎಣಿಕೆ ಆಯ್ತು ಕಣಪ್ಪ. ಸಾಹೇಬ ಒಂದೇ ಬರ್ಕಂಡು ಹೋದ."

"ಮೊದಲ್ನೇದು ರದ್ದಾಯ್ತು ತಾತ."

"ಓಡಿದ್ದು ಓಡೈತೆ, ನಾನು ಎಣ್ಸಿದ್ದು ಎಣ್ಸಿವ್ನಿ. ಅದ್ಯಾವನಪ್ಪ ರದ್ದು ಮಾಡ್ದೋನು?"

"ನಾನೇ."

ದೊಡ್ಡರಂಗಯ್ಯ ಅವನ ಮುಖ ನೋಡಿದ. ಮೊದಲನೇ ಕಾಯಿಯನ್ನು ಎತ್ತಿ ಅವನ ಕೈಗಿಟ್ಟು, "ಹಂಗಾರೆ ಇದು ನಿಂದು, ತಕಂಡೋಗು," ಅಂದ.

ಮನೆಯ ಅಟ್ಟದ ತುಂಬ ಕಾಯಿ ಇತ್ತು, ಹಿತ್ತಿಲ ತುಂಬ ಇತ್ತು. ಒಂದು ಕಂಕುಳಲ್ಲಿ ದೋಣಿ, ಇನ್ನೊಂದು ಕೈಯಲ್ಲಿ ಒಂಟಿ ಕಾಯಿ ಹಿಡಿದು ಬಂದ ಗಂಡನನ್ನು ಗಂಗಲಕ್ಷ್ಮಿ ಬಾಗಿಲಲ್ಲೇ ತಡೆದು, ಇದು ಯಾತಕ್ಕೆ ಎಂದು ಕೇಳಿದಳು.

"ಇದನ್ನ ಮಾತ್ರ ಚಟ್ನಿಗೆ ಒಡೀಬ್ಯಾಡ ಕಣೇ," ಅಂದ ಹನುಮಂತರಾಜು.